ಅರ್ಧಗೋಲದ ನೆತ್ತಿ

ಟೀಚರ್ ತೋರುಬೆರಳಿನ ಮೇಲೆ ದಾರ ಎಳೆದು ಬಿದ್ದ ಕೆಂಪು ಬರೆಯಿತ್ತು. ಬಲಗೈಯೋ ಎಡಗೈಯೋ, ಈಗ ಹೇಳಲಾರೆ. ಬೀದರಿನಲ್ಲಿ ಆ ದಿನ ಅವರಾಡಿದ ಮಾತೊಂದು ನಿಜವಾಗಿ ಅವರದೋ, ಆಮೇಲೆ ನಾನೇ ಅವರ ಬಾಯಿಗೆ ಹಾಕಿದ್ದೋ ಎಂಬುದೂ ನನಗೆ ಬಹುಕಾಲ ಖಾತ್ರಿ ಇರಲಿಲ್ಲ. ಚೆಂದವಾಗಿ ಕೂತ ನೆನಪನ್ನು ಮೊದಲು ಅನುಮಾನಿಸಬೇಕೆಂದು ವಿಶ್ವವಿದ್ಯಾಲಯ ಕಲಿಸಿತ್ತು.

ಅವರು ಖಟಕ ಚಿಂಚೋಳಿಯ ಮೆಥೊಡಿಸ್ಟ್ ಮನೆತನದವರು. ನಮ್ಮೂರು ಚಿಂತಾಕಿಯ ಶಾಲೆಯಲ್ಲಿ ನಮಗೆ ಗಣಿತ ಹೇಳುತ್ತಿದ್ದರು. ನಾವು ಹೆಚ್ಚಿನವರು ಕುರಿ ಸಾಕುವ ಮನೆಯವರು.

"ಕುರಿ ತೂಗಿದ್ರ ಭಾರ ತಿಳಿತದ. ಉಣ್ಣೆ ಎಷ್ಟು ಬರ್ತದಂತ ತಿಳಿತದೇನು? ಉಣ್ಣೆ ಮೈಮ್ಯಾಲ ಇರ್ತದಪ್ಪ, ಹೊಟ್ಟ್ಯಾಗಲ್ಲ!" ಎಂದರು.

ಘನಫಲ ಬೇರೆ, ಮೇಲ್ಮೈ ವಿಸ್ತೀರ್ಣ ಬೇರೆ ಎಂದು ಆಮೇಲೆ ಯಾರೂ ನಮಗೆ ಹೇಳಬೇಕಾಗಲಿಲ್ಲ.

ಗೋಲದ ಸೂತ್ರವನ್ನು ಬಾಯಿಪಾಠ ಮಾಡಲು ಅವರು ಬಿಡಲಿಲ್ಲ. ಗಟ್ಟಿ ಮಣ್ಣಿನ ಅರ್ಧಗೋಲ ಮಾಡಿಸಿದರು. ಅದರ ಚಪ್ಪಟೆ ಬದಿಯನ್ನು ಮುಚ್ಚಲು ಎಷ್ಟು ದಾರ ಬೇಕೋ, ಉಬ್ಬಿದ ಬದಿಗೆ ಅದರ ಎರಡರಷ್ಟು ಬೇಕು. ಅದನ್ನು ಸುತ್ತಿ ತೋರಿಸಲು ಬೀದರಿನ ವಿಜ್ಞಾನ ಪ್ರದರ್ಶನಕ್ಕೆ ಹೊರಟೆವು. ನಮ್ಮ ಊರಿನ ಮಕ್ಕಳು ಅಲ್ಲಿಗೆ ಹೋದದ್ದು ಅದೇ ಮೊದಲು. ದಾರ ನಮ್ಮ ಕುರಿಗಳ ಉಣ್ಣೆಯದೇ ಆಗಬೇಕೆಂದು ಹಟ ಹಿಡಿದೆವು. ಅವ್ವ ನೂತು ಕೊಟ್ಟಳು.

ಅಲ್ಲಿಯೇ ಎಡವಿದೆವು. ಚಪ್ಪಟೆ ಬದಿಗೆ ಮೆತ್ತಗೆ ಸುತ್ತಿದ್ದೆವು. ಉಬ್ಬಿನ ಮೇಲೆ ಜಾರುತ್ತದೆಂದು ಬಿಗಿದೆವು. ಉಣ್ಣೆಯ ಎಳೆ ಹಿಗ್ಗಿ ತೆಳ್ಳಗಾಗಿ ಕಡಿಮೆ ಜಾಗ ಮುಚ್ಚಿತು. ಚಪ್ಪಟೆ ಬದಿಗೆ ಹಿಡಿದಷ್ಟೇ ಉದ್ದದ ಎರಡು ದಾರ ಮುಗಿದರೂ ನೆತ್ತಿಯ ಮಣ್ಣು ಕಾಣುತ್ತಿತ್ತು.

"ಏನ್ರಿ ಟೀಚರ್, ನಿಮ್ಮ ಗೋಲಕ್ಕ ಬಕ್ಕತಲಿ ಆಗ್ಯಾದಲ್ರಿ!" ಎಂದು ತೀರ್ಪುಗಾರರು ನಕ್ಕರು. ಮಧ್ಯಾಹ್ನದೊಳಗೆ ಸಾಬೀತಾಗದಿದ್ದರೆ ಅದನ್ನು ಮೇಜಿನಿಂದ ಎತ್ತಿಸುವುದಾಗಿಯೂ ಹೇಳಿದರು.

ನನ್ನ ಗೆಳತಿ ಪಿಸುಗುಟ್ಟಿದಳು: "ಮ್ಯಾಲ ಚಪ್ಪಟಿ ಬದಿಗಿಂತ ಸಡಿಲ ಸುತ್ತಿದ್ರ ಮುಚ್ಚತದ್ರಿ ಟೀಚರ್. ಯಾರಿಗೂ ತಿಳಿಯಂಗಿಲ್ರಿ."

"ನಮಗ ತಿಳಿತದಲ್ಲ? ಸುಳ್ಳು ಹೇಳಿದ್ದು ದಾರ, ಗೋಲ ಅಲ್ಲ. ನಡೀರಿ ಗಂಜ್ ಬಜಾರಕ್ಕ, ಹಿಗ್ಗಲಾರದ ದಾರ ತರೋಣ."

ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ತೊಗರಿ ಚೀಲ ಹೊಲಿಯುತ್ತಿದ್ದ ಹಮಾಲನೊಬ್ಬ ಸೆಣಬಿನ ಸುತಳಿ ಉಂಡೆ ಕೊಟ್ಟು, "ನಿಮ್ಮ ಬೆರಳು ಹರಿದೀತು ಬಾಯಾರ, ಇದು ಹರಿಯಂಗಿಲ್ಲ" ಎಂದ. ಬೆರಳಿನ ಬರೆ ಬಿದ್ದದ್ದು ಆಗಲೇ. ಎರಡೂ ಬದಿಗೆ ಅವರೇ ಹೊಸದಾಗಿ, ಒಂದೇ ಬಿಗಿಯಲ್ಲಿ ಸುತ್ತಿದರು. ಉಬ್ಬಿಗೆಂದು ಚಪ್ಪಟೆ ಬದಿಯ ಅಳತೆಯ ಎರಡು ದಾರಕ್ಕೆ ನಾವು ಒಂದು ಗಂಟು ಹಾಕಿ ಕೊಟ್ಟಿದ್ದೆವು. ನೆತ್ತಿ ಮುಚ್ಚಿತು. ಬೆರಳಷ್ಟು ಸುತಳಿ ಉಳಿಯಿತು.

ತೀರ್ಪುಗಾರರು ಕತ್ತರಿ ಎತ್ತಿಕೊಂಡರು. "ಇಷ್ಟು ತೆಗೆದ್ರ ಚೊಲೋ ಕಾಣ್ತದ್ರಿ."

"ಬ್ಯಾಡ್ರಿ ಸರ್. ಉಳಿದಿದ್ದೂ ಲೆಕ್ಕದಾಗೇ ಅದ" ಎಂದರು ಟೀಚರ್.

ತೀರ್ಪುಗಾರರು ಕತ್ತರಿ ಕೆಳಗಿಟ್ಟರು. "ಆಯ್ತ್ರಿ. ಮೇಜಿನ ಮ್ಯಾಲೇ ಇರ್ಲಿ."

ಸಂಜೆಯವರೆಗೆ ಅದರ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದೆವು. ಆಮೇಲೆ ಎಷ್ಟೋ ಸಲ ನನ್ನ ಪ್ರಯೋಗದ ಅಂಕಿಗಳು ಸರಿಹೊಂದದಿದ್ದಾಗ, ಅವನ್ನು ತಿದ್ದದಂತೆ ನನ್ನ ಕೈ ತಡೆದದ್ದು, ಉಳಿದದ್ದೂ ಲೆಕ್ಕದಲ್ಲೇ ಇದೆ ಎಂಬ ಆ ಒಂದು ಮಾತು. ಆದರೆ ಅದೇ ಗೆಳತಿ, ಈಗ ಔರಾದಿನಲ್ಲಿ ನರ್ಸ್, ಒಪ್ಪುವುದಿಲ್ಲ: "ಏ, ದಾರ ಬರಾಬರ್ ಬಂದಿತ್ತೋ! ಕತ್ತರಿ ಎಲ್ಲಿತ್ತು? ನಿಂದೇ ಕಥಿ ಅದು."

ಹೋದ ಚಳಿಗಾಲದಲ್ಲಿ ಟೀಚರ್ ತೀರಿಕೊಂಡರು. ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಖಟಕ ಚಿಂಚೋಳಿಗೆ ಹೋದೆ. ಅವರನ್ನು ಮಣ್ಣು ಮಾಡಿ ಬಂದಾಗ, ಅವರ ಮನೆಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದ ಅರ್ಧಗೋಲ ಕಣ್ಣಿಗೆ ಬಿತ್ತು. ಎತ್ತಿಕೊಂಡು ಧೂಳು ಒರೆಸಿದೆ. ಉಬ್ಬಿನ ಮೇಲೆ ಒಂದೇ ಗಂಟು, ಎಂದರೆ ಎರಡೇ ದಾರ. ನೆತ್ತಿಯಲ್ಲಿ ಮಣ್ಣು ಕಾಣಲಿಲ್ಲ. ಅಲ್ಲಿಂದ ಬೆರಳಷ್ಟು ಸುತಳಿ, ಕತ್ತರಿಸದೆ, ಹಾಗೇ ಇತ್ತು.