ಮರಳುಗಾಡಿನಲ್ಲೊಂದು ರೈನ್ ಗೇಜ್

ರೈಟ್ರನ್ನು ಕ್ಲಾಸಿನಿಂದ ಓಡಿಸಿದ್ದು ನಾನೇ. ಮಳೆಯಂತೆ, ಮೊಣಕಾಲು ನೋವಂತೆ ಅಂತ ಬೇರೆಯವರು ಕಾರಣ ಹುಡುಕುತ್ತಿದ್ದಾಗ ನಾನೂ ಹೂಂಗುಟ್ಟಿದೆ. ಓಡಿಸಿದ್ದು ಮಾತ್ರ ನನ್ನ ನಾಲಿಗೆ.

ಸೋಮವಾರಪೇಟೆಯ ಡ್ರಾಯಿಂಗ್ ಟೀಚರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಭಾನುವಾರ ನಡೆಸುವ ಕ್ಲಾಸು ಅದು. ಮಕ್ಕಳು, ದೊಡ್ಡವರು, ಯಾರು ಬೇಕಾದರೂ ಬರಬಹುದು. ಯಾವುದೋ ದೇಶದ ಜನಪದ ಕಥೆ ಓದಬೇಕು, ಡಬ್ಬಿಯಿಂದ ಚೀಟಿ ಎತ್ತಬೇಕು. ಮಂಜು, ಆಲಿಕಲ್ಲು, ಸುಳಿಗಾಳಿ, ಚೀಟಿಯಲ್ಲಿ ಯಾವ ಹವೆ ಬಂದರೆ ಅದರೊಳಗೆ ಕಥೆಯ ಚಿತ್ರ ಬರೆಯಬೇಕು. ಓದುವ ಕೆಲಸ ನನ್ನದು. ರಾಕ್ಷಸನಿಗೊಂದು ದನಿ, ಮೊಲಕ್ಕೊಂದು ದನಿ. ಬಸ್ ಕಂಡಕ್ಟರನಿಂದ ಹಿಡಿದು ಅಪ್ಪನವರೆಗೆ ನಾನು ಅಣಕಿಸದವರಿಲ್ಲ. ಕನ್ನಡಿ ಸಿಕ್ಕಿದರೆ ನನ್ನನ್ನೂ ಬಿಡುವುದಿಲ್ಲ.

ರೈಟ್ರು ಅಂದರೆ ಪುಸ್ತಕ ಬರೆಯುವವರಲ್ಲ, ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಕೆಲಸ ನೋಡಿಕೊಂಡಿದ್ದು ನಿವೃತ್ತರಾದವರು. ಬಣ್ಣ ಮುಟ್ಟಿದ್ದೇ ಈ ಕ್ಲಾಸಿನಲ್ಲಿ. ಆವತ್ತಿನ ಕಥೆ ಆಫ್ರಿಕಾದ ಮರಳುಗಾಡಿನದು: ದಾರಿ ತಪ್ಪಿದ ಮೋಡವನ್ನು ಹುಡುಗಿಯೊಬ್ಬಳು ತಮಟೆ ಬಡಿದು ಕರೆತರುತ್ತಾಳೆ. ಚೀಟಿಯಲ್ಲಿ ಬಂದದ್ದು 'ಮೊದಲ ಮಳೆ'. ರೈಟ್ರು ಉಸಿರು ಬಿಗಿಹಿಡಿದು ಬರೆದರು. ಒಂಟೆ, ಮರಳು, ಕುಣಿಯುವ ಹೆಂಗಸರು. ಮೂಲೆಯಲ್ಲಿ, ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಅಳೆಯಲು ಇಡುತ್ತಾರಲ್ಲ, ಅಂಥದೇ ಒಂದು ರೈನ್ ಗೇಜ್!

"ಟೀಚರೇ, ಇದು ಗೋಡೆಗೆ ಹಾಕುವ ಹಾಗೆ ಉಂಟಾ?" ಎಂದು ಮೆಲ್ಲಗೆ ಕೇಳಿದರು. ಟೀಚರಿಗೆ ಮೆಚ್ಚುಗೆಯಾದ ಚಿತ್ರಗಳನ್ನು ಅಂಟಿಸುವ ಜಗಲಿಯ ಗೋಡೆಗೆ ಅವರದೊಂದು ಚಿತ್ರವೂ ಇನ್ನೂ ಏರಿರಲಿಲ್ಲ.

ಟೀಚರು ಬಾಯಿ ತೆರೆಯುವ ಮೊದಲೇ ನಾನೆದ್ದೆ. ಸೊಂಟಕ್ಕೆ ಕೈಯಿಟ್ಟು, ಥೇಟ್ ರೈಟ್ರ ಹಾಗೇ ಕೆಮ್ಮಿ, "ಹ್ಞಾಂ... ಒಂಟೆಯವರೇ, ನಿಮ್ಮಲ್ಲಿ ಎಷ್ಟು ಇಂಚು? ನಮ್ಮಲ್ಲಿ ಬರೀ ನಲ್ವತ್ತು ಸೆಂಟು!" ಎಂದೆ.

ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಟೀಚರೂ ಮುಖ ತಿರುಗಿಸಿ ನಕ್ಕರು. ರೈಟ್ರೂ ನಕ್ಕರು; ನಗುತ್ತಲೇ ಹಾಳೆ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಅದನ್ನು ಕಂಡೂ ನಾನು ಇನ್ನೊಂದು ಸಲ ಕೆಮ್ಮಿದೆ. ಆ ಎರಡನೇ ಕೆಮ್ಮು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಳೆ ಬಂದರೆ ಇಂಚು ಕೇಳದವರು ನಮ್ಮೂರಲ್ಲಿ ಯಾರಿದ್ದಾರೆ? ನಮ್ಮಪ್ಪ ಹಲ್ಲುಜ್ಜುವ ಮೊದಲೇ ಪಕ್ಕದ ತೋಟಕ್ಕೆ ಫೋನು ಹಚ್ಚುತ್ತಾರೆ.

ಆಮೇಲಿನ ಭಾನುವಾರಗಳಲ್ಲಿ ರೈಟ್ರು ಬರಲಿಲ್ಲ. ಅವರ ಚಾಪೆಯ ಮೇಲೆ ಯಾರೂ ಕೂರಲೂ ಇಲ್ಲ. ನನ್ನ ರಾಕ್ಷಸ ಯಾಕೋ ಮೊಲದ ಹಾಗೆ ಮಾತಾಡತೊಡಗಿದ. ಕೊನೆಗೆ ಅವರ ಮನೆಗೇ ಹೋದೆ. ಅಂಗಳದಲ್ಲಿ ರಬ್ಬರಿನ ಗಂಬೂಟು ತೊಳೆಯುತ್ತಿದ್ದರು. ತಲೆ ಎತ್ತಿ ನೋಡಿ, ಮತ್ತೆ ಬೂಟು ಉಜ್ಜತೊಡಗಿದರು. ಊರಿನ ದನಿಗಳನ್ನೆಲ್ಲ ಬದಿಗಿಟ್ಟು ನನ್ನದೇ ದನಿ ಹುಡುಕಿದೆ.

"ತಪ್ಪಾಯ್ತು ರೈಟ್ರೇ," ಎಂದೆ ಹೇಗೋ. "ಸುಮ್ನೆ ತಮಾಷೆಗೆ... ಆ ಚಿತ್ರ ಕೊಡಿ, ನಾನೇ ಗೋಡೆಗೆ ಅಂಟಿಸ್ತೀನಿ."

ಗಂಬೂಟಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ ಹೇಳಿದರು:

"ನಂದು ನಾನೇ ತಂದು ಅಂಟಿಸ್ತೀನಿ ಮಾರಾಯ. ನೀನು ಇಷ್ಟು ದಿನದಲ್ಲಿ ಒಂದು ಗೆರೆ ಎಳೆದದ್ದು ನಾ ಕಾಣ್ಲಿಲ್ಲ. ಒಂದು ಬರ್ಕೊಂಡು ಬಾ, ಪಕ್ಕದಲ್ಲೇ ಹಾಕುವ. ಆಮೇಲೆ ಕೆಮ್ಮು."