ಅಜ್ಜಿ ಬೆಳಗಿದ ಕಾರು

ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ, ಮೊದಲು ಹಿಟ್ಟಿನ ಗಿರಣಿ ಇದ್ದ ಜಾಗದಲ್ಲಿ, ಈಗ ಕಾರುಗಳಿಗೆ ಮೆರುಗು ಕೊಡುವ ಅಂಗಡಿಯೊಂದಿದೆ. ಅಂಗಡಿ ಅನ್ನಬಾರದಂತೆ, ಸ್ಟುಡಿಯೋ ಅನ್ನಬೇಕಂತೆ. ಮೊನ್ನೆ ಮೊಮ್ಮಗಳು ನನ್ನ ಹಳೇ ಕಾರನ್ನೂ ನನ್ನನ್ನೂ ಒಟ್ಟಿಗೇ ಅಲ್ಲಿ ಬಿಟ್ಟು, "ಅಜ್ಜಿ, ಒಂದು ಕಾಲ್ ಮುಗಿಸ್ಕೊಂಡು ಬಂದೆ" ಅಂತ ಹೊರಗೆ ಹೋದಳು. ಒಳಗೆ ಕಾಲಿಟ್ಟದ್ದೇ ತಡ, ಮೂಗಿಗೆ ಒಂದು ವಾಸನೆ ಬಡಿಯಿತು. ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಮೇಣ, ಅದರ ಹಿಂದೆ ಒದ್ದೆ ಬಟ್ಟೆಯ ಮುಗ್ಗು. ಎಲ್ಲೋ ಮೂಸಿದ್ದೀನಲ್ಲ ಅಂತ ಯೋಚಿಸುತ್ತಿರುವಾಗಲೇ ಅಲ್ಲಿದ್ದ ಗಡ್ಡದ ಯುವಕ ಕೇಳಿದ: "ಆಂಟಿ, ಬರೀ ಪಾಲಿಶ್ ಸಾಕಾ, ಕಟಿಂಗೂ ಮಾಡ್ಬೇಕಾ? ಕಟಿಂಗ್ ಅಂದ್ರೆ ಏನಂದ್ರೆ..."

"ಗೊತ್ತಪ್ಪ," ಅಂದೆ. "ಮೇಲಿನ ಬಣ್ಣ ಒಂದು ಪದರ ಸವೆಸಿ ತೆಗೆಯೋದು."

ಅವನು ನನ್ನ ಮುಖ ನೋಡಿದ. ಬಾಬ್ ಮಾಡಿದ ಬಿಳಿಗೂದಲು, ಕೈಯಲ್ಲಿ ಊರುಗೋಲು; ಈ ಮುದುಕಿಗೆ ಇದೆಲ್ಲ ಹೇಗೆ ಗೊತ್ತು ಅನ್ನುವ ಪ್ರಶ್ನೆ ಅವನ ಹುಬ್ಬಿನಲ್ಲಿತ್ತು. ನಿಮ್ಮ ಹುಬ್ಬಿನಲ್ಲೂ ಇರಬಹುದು. ಹೇಳ್ತೀನಿ, ಕೂತ್ಕೊಳ್ಳಿ. ಕಾರು ಮುಗಿಯೋಕೆ ಹೇಗೂ ಹೊತ್ತಾಗತ್ತೆ.

ಐವತ್ತರ ದಶಕದ ರಾಜಾಜಿನಗರ ಅಂದರೆ ಅರ್ಧ ನಿವೇಶನ, ಅರ್ಧ ರಾಗಿ ಹೊಲ. ಮನೆಗಳಿಗಿಂತ ಅಳತೆಕಲ್ಲುಗಳೇ ಹೆಚ್ಚು. ನಮ್ಮ ಬೀದಿಯಲ್ಲಿ ಕಾರಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಪ್ಪ ಸರ್ಕಾರಿ ಇಂಜಿನಿಯರು; ಕಂಟೋನ್ಮೆಂಟಿನ ಒಬ್ಬ ಇಂಗ್ಲಿಷ್ ಡಾಕ್ಟರು ಸ್ವದೇಶಕ್ಕೆ ಹೊರಟಾಗ ಮಾರಿದ ಪುಟ್ಟ ಕರಿ ಕಾರನ್ನು ತಂದಿದ್ದ. ಕರಿ ಅನ್ನುವುದು ಉಪಚಾರದ ಮಾತು. ಬಿಸಿಲು ತಿಂದು ತಿಂದು ಅದು ನನ್ನ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಆದರೂ ಅದರಲ್ಲಿ ಕಾನ್ವೆಂಟಿಗೆ ಹೋಗಿ ಇಳಿಯುವಾಗ ನಾನು ಗವರ್ನರ್ ಮಗಳ ಹಾಗೆ ಗದ್ದ ಎತ್ತುತ್ತಿದ್ದೆ. ಸಿಲ್ಲಿ ಗರ್ಲ್, ಐ ನೋ.

ಆ ವರ್ಷ ನಮ್ಮ ಅತ್ತೆಯ ಮದುವೆ. ಅತ್ತೆ ಅಂದರೆ ಅಪ್ಪನ ಕೊನೇ ತಂಗಿ. ಗಂಡಿನ ಕಡೆಯವರು ಕೆಂಗೇರಿಯವರು, ಮದುವೆ ಮಲ್ಲೇಶ್ವರದ ಛತ್ರದಲ್ಲಿ. ಹೆಣ್ಣನ್ನು ಛತ್ರಕ್ಕೆ ನಮ್ಮ ಕಾರಿನಲ್ಲೇ ಕರೆದುಕೊಂಡು ಹೋಗಬೇಕು ಅನ್ನುವುದು ಅಪ್ಪನ ಆಸೆ. ಮನೆಯಲ್ಲಿ ಸುಣ್ಣ ಬಣ್ಣ, ಹಪ್ಪಳ ಸಂಡಿಗೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಹಿತ್ತಲಲ್ಲಿ ಕೂತು ಹಿತ್ತಾಳೆ ತಾಮ್ರಗಳ ಗುಡ್ಡೆ ಹಾಕಿಕೊಂಡು ಬೆಳಗುತ್ತಿದ್ದಳು. ಹುಣಸೇಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಅಜ್ಜ ಹೋದಮೇಲೆ ತಲೆಯ ಮೇಲಿನ ಸೆರಗು ಇಳಿಸದ ಅಜ್ಜಿ. ಆದರೆ ತೋಳಿನ ಬಲ ಇಳಿದಿರಲಿಲ್ಲ.

ಪಾತ್ರೆ ಮುಗಿದವು. ದೀಪದ ಕಂಬಗಳೂ ಮುಗಿದವು. ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ಎದ್ದು, ಹೊಂಗೆಮರದ ಕೆಳಗೆ ಮಂಕಾಗಿ ನಿಂತಿದ್ದ ಕಾರನ್ನು ನೋಡಿದಳು.

ಆಮೇಲೆ ಏನಾಯಿತು ಅಂತ ನೀವೇ ಊಹಿಸಿ. ನಾನು ಸ್ಕೂಲಿಂದ ಬರುವ ಹೊತ್ತಿಗೆ ಕಾರಿನ ಬಾನೆಟ್ಟಿನ ಮೇಲೆ ಹುಣಸೇಹಣ್ಣಿನ ಚರಟ ಒಣಗುತ್ತಿತ್ತು. ತೊಳೆದ ಮೇಲೆ ನೋಡಿದರೆ ಅಲ್ಲೆಲ್ಲ ಬಿಳಿ ಬಿಳಿ ಗೀರು, ಬೆಕ್ಕುಗಳ ಸೈನ್ಯ ಪೆರೇಡ್ ಮಾಡಿದ ಹಾಗೆ. ಅಪ್ಪ ಆಫೀಸಿಂದ ಬಂದ. ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಅವತ್ತಿಂದ ತಾಯಿ ಮಗನ ನಡುವೆ ಮಾತು ನಿಂತಿತು. ಮದುವೆಮನೆ, ಮಾತಾಡದೆ ಆಗುವುದಿಲ್ಲ, ಅದಕ್ಕೆ ನಾನಿದ್ದೆ. ಅಪ್ಪ ಎಲೆಯ ಮುಂದೆ ಕೂತು, "ಪುಟ್ಟಿ, ನಿನ್ನಜ್ಜಿಗೆ ಹೇಳು, ಸಾರು ಸಾಕು" ಅನ್ನುತ್ತಿದ್ದ. ಅಜ್ಜಿ ಸೌಟು ಹಿಡಿದು ಎದುರಿಗೇ ನಿಂತು, "ಪುಟ್ಟಿ, ನಿಮ್ಮಪ್ಪಂಗೆ ಹೇಳು, ಇನ್ನೂ ಬಡಿಸೇ ಇಲ್ಲ" ಅನ್ನುತ್ತಿದ್ದಳು. ನಾನು ಎರಡನ್ನೂ ಗಂಭೀರವಾಗಿ ದಾಟಿಸುತ್ತಿದ್ದೆ. ಮೊದಮೊದಲು ಮಜವೇ ಅನ್ನಿಸಿತು, ಆನೆಸ್ಟ್ಲಿ. ಆಮೇಲೆ ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ಅಳುವುದು ಕಂಡಿತು. "ಇವರಿಬ್ರೂ ಹೀಗೇ ಇದ್ರೆ ನಾನು ಹೇಗೆ ಕಣೇ ಈ ಮನೆ ಬಿಟ್ಟು ಹೋಗ್ಲಿ?" ಅಂದಳು. ಅಲ್ಲಿಗೆ ನನ್ನ ಮಜ ಮುಗಿಯಿತು.

ಮದುವೆ ಹತ್ತಿರ ಬಂದಾಗ ಅಪ್ಪ ಕಾಟನ್‌ಪೇಟೆಯಿಂದ ಬಾಷಾ ಸಾಬರನ್ನು ಕರೆತಂದ. ಕಾರುಗಳಿಗೆ ಬಣ್ಣ ಹೊಡೆಯುವುದು, ಹಳೇ ಬಣ್ಣಕ್ಕೆ ಮೆರುಗು ತರುವುದು ಅವರ ಕಸುಬು. ಮೊದಲು ಸೋಪುನೀರಲ್ಲಿ ತೊಳೆದರು. ನೀರಲ್ಲಿ ನೆನೆಸಿದ ನುಣುಪಾದ ಉಪ್ಪುಕಾಗದದಿಂದ ಸವರಿದರು. ಆಮೇಲೆ ಡಬ್ಬಿಯಿಂದ ಮಣ್ಣಿನ ಬಣ್ಣದ ಒಂದು ಪೇಸ್ಟು ತೆಗೆದು, ಹತ್ತಿಯ ಉಂಡೆಗೆ ಹಚ್ಚಿ, ಅಂಗೈಯಗಲ ಜಾಗದಲ್ಲಿ ಸುತ್ತಿ ಸುತ್ತಿ ಉಜ್ಜತೊಡಗಿದರು. ಇದೇ ಆ ವಾಸನೆ ನೋಡಿ. ಹತ್ತಿ ಕಪ್ಪಾಗುತ್ತಿತ್ತು.

ಜಗುಲಿಯ ಕಂಬದ ಹಿಂದೆ ನಿಂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಏನಪ್ಪಾ, ಇದ್ದಬದ್ದ ಬಣ್ಣಾನೂ ತೆಗೀತಿದೀಯಲ್ಲ!"

"ಹೋಗ್ಲಿ ಬಿಡಿ ಅಮ್ಮಾವ್ರೇ. ಮೇಲಿಂದು ಸತ್ತೋಗಿದೆ. ಅದು ಹೋದ್ರೆ ಕೆಳಗಿಂದು ನಗ್ತದೆ."

"ಹಂಗಾದ್ರೆ ನಾನು ಮಾಡಿದ್ದೂ ಅದೇ ತಾನೆ?"

ಸಾಬರು ಬಾನೆಟ್ಟಿನ ಗೀರುಗಳನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಮೀಸೆಯೊಳಗೇ ನಕ್ಕರು. "ಅದೇಯಾ. ನೀವು ಒಸಿ ಕೋಪದಾಗೆ ಮಾಡ್ಬಿಟ್ರಿ."

ಅಜ್ಜಿಯೂ ನಕ್ಕಳು. ಆ ವಾರದಲ್ಲಿ ಅದೇ ಮೊದಲು.

ನನಗೆ ಮಾತ್ರ ಒಂದು ಹುಳ ಹೊಕ್ಕಿತು. ತೆಗೆದರೆ ಹೊಳೆಯುತ್ತದೆ ಅಂದರೆ, ಆ ಹೊಳಪು ಇಷ್ಟು ದಿನ ಎಲ್ಲಿತ್ತು? ಸ್ಕೂಲಲ್ಲಿ ಸಿಸ್ಟರನ್ನು ಕೇಳಿದೆ. "ರಿಫ್ಲೆಕ್ಷನ್ ಆಫ್ ಲೈಟ್, ಚೈಲ್ಡ್," ಅಂದು ಸುಮ್ಮನಾದರು. ಸಾಬರನ್ನು ಎಷ್ಟು ಸಲ ಹೀಗೆ ಮಾಡಬಹುದು ಅಂತ ಕೇಳಿದೆ. "ಬಣ್ಣ ಇರೋಗಂಟ, ಬೇಬಿ" ಅಂದರು. ಅಂದರೆ ಒಂದೊಂದು ಸಲ ಹೊಳೆದಾಗಲೂ ಒಂದಿಷ್ಟು ಖರ್ಚಾಗುತ್ತದೆ! ಆಮೇಲೆ ನಾನು ಮನೆಯ ಒಂದೊಂದು ಸಾಮಾನನ್ನೂ ತಿರುಗಿಸಿ ನೋಡಿದೆ. ದೀಪದ ಕಂಬದ ಮೇಲಿನ ಹಂಸಕ್ಕೆ ಕಣ್ಣಿರಲಿಲ್ಲ, ಕೊಕ್ಕು ಮೊಂಡಾಗಿತ್ತು. ಅಜ್ಜಿ ಮದುವೆಯಾಗಿ ಬಂದಾಗ ಎರಡೂ ಇದ್ದವಂತೆ. ಅಷ್ಟು ವರ್ಷ ಬೆಳಗಿ ಬೆಳಗಿ ಹಂಸದ ಮುಖವನ್ನೇ ಒರೆಸಿಬಿಟ್ಟಿದ್ದಳು. ಅಜ್ಜಿಯ ಅಂಗೈಯನ್ನೂ ಹಿಡಿದು ನೋಡಿದೆ. ಅಲ್ಲೂ ಗೆರೆಗಳು ಸರಿಯಾಗಿ ಕಾಣುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಸಾಬರು ಊಟಕ್ಕೆ ಹೋಗಿದ್ದರು. ಬಾನೆಟ್ಟು ಇನ್ನೂ ಬಾಕಿ. ಅಲ್ಲಿ ಬಣ್ಣ ತೆಳ್ಳಗಾಗಿದೆ, ನಿಧಾನಕ್ಕೆ ಮಾಡಬೇಕು ಅಂತ ಹೇಳಿ ಹೋಗಿದ್ದರು. ಅಪ್ಪ ಆಫೀಸಿಂದ ಬಂದವನೇ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಹತ್ತಿಯ ಉಂಡೆ ತಗೊಂಡ. ಮರುದಿನವೇ ಛತ್ರಕ್ಕೆ ಹೊರಡಬೇಕು, ತಾಳ್ಮೆ ಎಲ್ಲಿರಬೇಕು? ಹಲ್ಲು ಕಚ್ಚಿಕೊಂಡು ಉಜ್ಜಿದ. ಬಾನೆಟ್ಟಿನ ಅಂಚಿನಲ್ಲಿ ಕಪ್ಪು ಹೊಳೆಯಿತು. ಇನ್ನೂ ಹೊಳೆಯಲಿ ಅಂತ ಮತ್ತೆ ಉಜ್ಜಿದ. ಕಪ್ಪಿನ ಒಳಗಿಂದ ಕೆಂಪು ಗೆರೆಯೊಂದು ಎದ್ದು ಬಂತು. ಕಬ್ಬಿಣಕ್ಕೆ ಮೊದಲು ಬಳಿಯುವ ಅಸ್ತರಿನ ಬಣ್ಣ.

ಅಪ್ಪನ ಕೈ ಹಾಗೇ ನಿಂತಿತು. ಜಗುಲಿಯ ಮೇಲೆ ಅಜ್ಜಿ. ನಡುವೆ ನಾನು, ಕೋಟು ಹಿಡಿದುಕೊಂಡು, ಯಾರ ಮಾತು ಯಾರಿಗೆ ದಾಟಿಸಲಿ ಅಂತ ಕಾಯುತ್ತಾ.

"ಅಮ್ಮಾ," ಅಂದ ಅಪ್ಪ, ನನ್ನನ್ನು ದಾಟಿ ನೇರವಾಗಿ. "ಕೆಂಪಾಗ್ಬಿಡ್ತು."

ಮೊಣಕಾಲು ತರಚಿಕೊಂಡ ಮಗುವಿನ ದನಿ. ಅಜ್ಜಿ ಮೆಟ್ಟಿಲಿಳಿದು ಬಂದು ಬಗ್ಗಿ ನೋಡಿದಳು. "ಇಷ್ಟು ಜೋರಾಗಿ ಯಾರಾದ್ರೂ ಉಜ್ಜತಾರೇನೋ?"

"ನೀನು ಮೆಲ್ಲಗೆ ಉಜ್ಜಿದ್ಯಾ?"

"ನಂಗೆ ಯಾರೂ ಹೇಳಿರ್ಲಿಲ್ಲ."

ಅಪ್ಪ ಹತ್ತಿಯನ್ನು ಕೆಳಗಿಟ್ಟ. ಆಮೇಲೆ ಕೇಳಿದ: "ಕಾರಿನ ತಂಟೆಗೆ ಯಾಕಮ್ಮ ಹೋದೆ?"

"ಮಗಳ ಮದುವೆ ಕಣೋ," ಅಂದಳು ಅಜ್ಜಿ. "ಅವಳಿಗೆ ಅರಿಶಿನ ಹಚ್ಚೋ ಹಾಗಿಲ್ಲ ನಾನು. ಆರತಿ ಎತ್ತೋ ಹಾಗಿಲ್ಲ. ಹಸೆಮಣೆ ಹತ್ರ ಸುಳಿಯೋ ಹಾಗಿಲ್ಲ. ಪಾತ್ರೆ ಬೆಳಗಬೋದು, ದೀಪ ಬೆಳಗಬೋದು. ಇದನ್ನೂ ಬೆಳಗಬೋದು ಅಂದ್ಕೊಂಡೆ."

ಅಷ್ಟರಲ್ಲಿ ಸಾಬರು ಬಂದು, ನೋಡಿ, "ಈ ಮನೇನಾಗೆ ಎಲ್ರಿಗೂ ಕೈ ಜೋರು" ಅಂದು, ಕೆಂಪಿನ ಮೇಲೆ ಕುಂಚದಿಂದ ಕಪ್ಪು ಎಳೆದರು. ಸಂಜೆಯ ಹೊತ್ತಿಗೆ ಕಾರಿನ ಬಾಗಿಲಲ್ಲಿ ಹೊಂಗೆಯ ಎಲೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಬಾನೆಟ್ಟಿನ ಗೀರು ಮಾತ್ರ ಪೂರ್ತಿ ಹೋಗಲಿಲ್ಲ. ಇನ್ನು ತೆಗೆದರೆ ಬಣ್ಣವೇ ಇರೋಲ್ಲ ಅಂದರು.

ಮರುದಿನ ಛತ್ರಕ್ಕೆ ಹೊರಡುವ ಹೊತ್ತು. ಅತ್ತೆ ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ಅಮ್ಮ, ಅಮ್ಮನ ತೊಡೆಯ ಮೇಲೆ ನಾನು. ಅಜ್ಜಿ ಪಾತ್ರೆಗಳ ಜೊತೆ ಜಟಕಾದಲ್ಲಿ ಬರುವುದು ಅಂತ ನಿಶ್ಚಯವಾಗಿತ್ತು. ಅಪ್ಪ ಮುಂದಿನ ಬಾಗಿಲು ತೆಗೆದು ನಿಂತ. "ಅಮ್ಮಾ, ಬಾ. ಮುಂದೆ ಕೂತ್ಕೋ."

ಬೀದಿಯವರೆಲ್ಲ ನೋಡುತ್ತಿದ್ದರು. ಅಮ್ಮ ಪಿಸುಗುಟ್ಟಿದಳು: "ಶುಭಕಾರ್ಯಕ್ಕೆ ಹೊರಟಿದೀವಿ ರೀ. ಜನ ಏನಂದ್ಕೋತಾರೆ?"

"ಈ ಕಾರು ಬೆಳಗಿದೋರು ಮೂರು ಜನ," ಅಂದ ಅಪ್ಪ, ಬೀದಿಗೂ ಕೇಳುವ ಹಾಗೆ. "ಬಾಷಾ ಸಾಬ್ರು ಮನೆಗೆ ಹೋದ್ರು. ಮಿಕ್ಕಿದ ಇಬ್ರೂ ಮುಂದೆ ಕೂರ್ತೀವಿ."

ಅಜ್ಜಿ ಸೆರಗಿನಿಂದ ಪಾದ ಒರೆಸಿಕೊಂಡು ಹತ್ತಿದಳು. ಹಿಂದಿನಿಂದ ಅತ್ತೆಯ ಗೋರಂಟಿ ಕೈ ಬಂದು ಅವಳ ಹೆಗಲ ಮೇಲೆ ಕೂತದ್ದು, ಮಲ್ಲೇಶ್ವರ ಬರುವ ತನಕ ಏಳಲಿಲ್ಲ. ಛತ್ರದಲ್ಲಿ ಅಜ್ಜಿ ಮತ್ತೆ ಹಿಂದಿನ ಕೋಣೆಗೇ ಹೋದಳು. ಅದನ್ನು ಮುಚ್ಚಿಟ್ಟು ನಿಮಗೆ ಸಿಹಿ ಬಡಿಸುವುದಿಲ್ಲ ನಾನು. ಆದರೆ ಅಲ್ಲಿಯವರೆಗಿನ ದಾರಿ ಅವಳದಾಗಿತ್ತು.

ಸ್ಟುಡಿಯೋದಲ್ಲಿ ಮೆಷಿನ್ನಿನ ಸದ್ದು ನಿಂತಿತು. ಯುವಕ ಬೆವರು ಒರೆಸಿಕೊಂಡು, "ಹೇಗಿದೆ ಆಂಟಿ?" ಅಂದ.

"ಬ್ಯೂಟಿಫುಲ್. ನನಗೂ ಒಂದು ಬಟ್ಟೆ ಕೊಡಪ್ಪ."

"ಅಯ್ಯೋ, ನಿಮಗ್ಯಾಕೆ ಆಂಟಿ? ಆರಾಮಾಗಿ ಕೂತ್ಕೊಳ್ಳಿ, ಕಾಫಿ ತರಿಸ್ತೀನಿ."

ಈಗೀಗ ಎಲ್ಲರೂ ಹೇಳುವುದು ಇದನ್ನೇ. ಮಗ, ಸೊಸೆ, ಡಾಕ್ಟರು. ಕೂತ್ಕೊಳ್ಳಿ, ಆರಾಮಾಗಿ. ನಾನೂ ಒಳ್ಳೇ ಕಾನ್ವೆಂಟ್ ಹುಡುಗಿಯ ಹಾಗೆ ಥ್ಯಾಂಕ್ಯೂ ಅಂದು ಕೂತೇ ಇದ್ದೆ. ಅವತ್ತು ಊರುಗೋಲನ್ನು ಕುರ್ಚಿಗೆ ಒರಗಿಸಿ ಎದ್ದೆ.

"ಎಲ್ಲಿ ಉಜ್ಜಬೋದು, ಎಷ್ಟು ಉಜ್ಜಬೋದು, ಅಷ್ಟು ಹೇಳು ಸಾಕು."

ಅವನು ಮೆತ್ತನೆಯ ಬಟ್ಟೆಯೊಂದನ್ನು ನಾಲ್ಕಾಗಿ ಮಡಿಸಿ ನನ್ನ ಅಂಗೈಗಿಟ್ಟು, ಬಾಗಿಲ ಹಿಡಿಯ ಕೆಳಗಿನ ಜಾಗ ತೋರಿಸಿದ. "ಇಲ್ಲಿ. ರೌಂಡ್ ರೌಂಡಾಗಿ. ಮೆಲ್ಲಗೆ, ಆಂಟಿ."

ಮೊಮ್ಮಗಳು ಫೋನು ಕಿವಿಗಿಟ್ಟುಕೊಂಡೇ ಒಳಗೆ ಬಂದು ಬಾಗಿಲಲ್ಲೇ ನಿಂತಳು. "ಅಜ್ಜೀ! ಏನ್ ಮಾಡ್ತಿದೀಯ?"

"ಕೆಲಸ ಕಣೇ," ಅಂದೆ. "ಸ್ವಲ್ಪ ತಡೆ."