ಅಂಗ್ಕೋರಿನಲ್ಲಿ ನಮ್ಮತ್ತೆ ಹತ್ತಿದ ಮೆಟ್ಟಿಲು

ಕಾಂಬೋಡಿಯಾಕ್ಕೆ ಹೊರಡುವ ಮುಂಚಿನ ವಾರ ನಮ್ಮ ಬೈಲಹೊಂಗಲದ ಮನೆಗೆ ಬಂದುಹೋದವರೆಲ್ಲ ಅತ್ತೆಗೆ ಒಂದೇ ಬುದ್ಧಿ ಹೇಳಿದರು. ಅಂಗ್ಕೋರ್ ವಾಟ್ ನೋಡಿ ಬನ್ನಿ, ಆದರೆ ಅದರ ಮೇಲಿನ ಗುಡಿಗೆ ಮಾತ್ರ ಹತ್ತಬೇಡಿ. ಅತ್ತೆಯ ಒಂದು ಮೊಣಕಾಲಿಗೆ ಆಪರೇಷನ್ ಆಗಿದೆ, ಇನ್ನೊಂದು ಸರದಿಯಲ್ಲಿ ನಿಂತಿದೆ. ಅವರು ಎಲ್ಲರಿಗೂ ಚಹಾ ಕೊಟ್ಟು, ಎಲ್ಲರ ಮಾತಿಗೂ ಹೂಂಗುಟ್ಟಿ, ಬಂದವರು ಚಪ್ಪಲಿ ಮೆಟ್ಟಿ ಹೊರಬಿದ್ದ ಕೂಡಲೇ ನನ್ನ ಕಡೆ ತಿರುಗಿ ಅನ್ನುತ್ತಿದ್ದರು, "ನಾ ಹತ್ತಾಕಿನ ನೋಡು."

ಈ ಹಟಕ್ಕೆ ಕಾರಣ ಹೂಲಿಯಲ್ಲಿದೆ. ಅತ್ತೆಯ ತವರು ಅದು. ಅಲ್ಲಿ ಹಳೆಯದೊಂದು ಸಣ್ಣ ಕಲ್ಲುಗುಡಿಯ ಪೂಜೆ ಅವರ ಮನೆತನದ್ದು, ತಂದೆಯ ನಂತರ ಅಣ್ಣನ ಪಾಲಿಗೆ ಬಂದದ್ದು. ಹೂ ಕಟ್ಟುವುದು, ನೀರು ಸೇದುವುದು, ಹಿತ್ತಾಳೆ ಪಾತ್ರೆ ತಿಕ್ಕುವುದು ತಂಗಿಯ ಕೆಲಸ. ಗರ್ಭಗುಡಿಯ ಹೊಸ್ತಿಲು ದಾಟುವುದು ಅಣ್ಣ ಒಬ್ಬನೇ. ಬಾಗಿಲು ಕಿರಿದು, ಅಣ್ಣನ ಬೆನ್ನು ಅಗಲ. "ಅಣ್ಣಾ, ಸ್ವಲ್ಪ ಬಾಜೂಕ ಸರಿಯೋ, ದೇವರು ಕಾಣವಲ್ದು!" ಎಂದು ಹೊರಗಿನಿಂದ ಕೂಗಿ ಕೂಗಿಯೇ ತಾನು ದೊಡ್ಡವಳಾದೆ ಅಂತ ಅತ್ತೆ ನಗುತ್ತ ಹೇಳುತ್ತಾರೆ. ನಗುವುದೇನೋ ಹೌದು. ಆದರೆ ಮೊಮ್ಮಕ್ಕಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲೂ ಅದನ್ನೇ ಹೇಳುತ್ತಾರೆಂದರೆ ಆ ನಗುವಿನಲ್ಲಿ ಎಷ್ಟು ಹುಳಿ ಇರಬೇಕು ಲೆಕ್ಕ ಹಾಕಿ.

ಅಂಗ್ಕೋರಿನ ನಡುಗೋಪುರದ ಬುಡದ ತನಕ ಹೆಂಗಸರೂ ಗಂಡಸರೂ ಒಟ್ಟಿಗೆ ಹತ್ತುವುದನ್ನು ಟಿವಿಯಲ್ಲಿ ನೋಡಿದ ದಿನವೇ ಅವರು ತೀರ್ಮಾನ ಮಾಡಿಬಿಟ್ಟರು. ಅಲ್ಲಿ ಹತ್ತಬೇಕು, ಗರ್ಭಗುಡಿಯ ಒಳಗೆ ಕಾಲಿಡಬೇಕು. ಸುದ್ದಿ ತಿಳಿದ ಅಣ್ಣ ಹೂಲಿಯಿಂದ ಫೋನ್ ಮಾಡಿದರು.

"ತಂಗೀ, ಹುಚ್ಚು ಹಿಡದದೇನು ನಿನಗ? ಕೆಳಗ ಕೂತು ಕೈ ಮುಗಿ. ದೇವರು ಎಲ್ಲಾ ಕಡೆ ಇದ್ದಾನ."

"ಎಲ್ಲಾ ಕಡೆ ಇದ್ರ ನೀ ಯಾಕ ದಿನಾ ಒಳಗ ಹೋಗ್ತಿದ್ದಿ?" ಅಂದವರೇ ಅತ್ತೆ ಫೋನ್ ಇಟ್ಟರು.

ನಾನು ಕಿತ್ತೂರಿನ ಕೋಟೆಯ ಮುರುಕು ಗೋಡೆಗಳ ನಡುವೆ ಬುತ್ತಿ ಬಿಚ್ಚಿ ಉಂಡು ಬೆಳೆದವಳು. ಹಳೆಯ ಕಲ್ಲು ಕಂಡರೆ ಬಾಯಿ ತೆರೆಯುವ ಜಾತಿಯಲ್ಲ. ಆದರೂ ಆ ಕೆರೆಯಂಥ ಕಂದಕ ದಾಟಿ, ಉದ್ದಾನುದ್ದ ಕಲ್ಲುಹಾದಿಯ ಕೊನೆಗೆ ಗೋಪುರಗಳು ಒಂದೊಂದಾಗಿ ಎದ್ದು ನಿಂತಾಗ, ಅಬ್ಬಾ, ನನ್ನ ಬಾಯಿ ಕಟ್ಟಿತು. ಅತ್ತೆಯ ಬಾಯಿ ಕಟ್ಟಲಿಲ್ಲ. ಕಡೆದು ನುಣುಪು ಮಾಡಿದ ಕಿಟಕಿಯ ಕಂಬಿಗಳನ್ನು ಕಂಡು, "ಅಯ್ಯ, ಕಲ್ಲಿನ ಲಟ್ಟಣಿಗಿ ಸಾಲಾಗಿ ನಿಲ್ಲಿಸ್ಯಾರಲ್ಲ!" ಅಂದರು. ಆಮೇಲೆ ಅವನ್ನು ಬೇರೆ ಥರ ನೋಡಲು ನನಗೆ ಆಗಲೇ ಇಲ್ಲ.

ಎಡವಟ್ಟಾದದ್ದು ಕೆಳಗಿನ ಮೊಗಸಾಲೆಯಲ್ಲಿ. ಗುಡಿಯ ಸುತ್ತ ಗೋಡೆಯುದ್ದಕ್ಕೂ ಯುದ್ಧ, ಮೆರವಣಿಗೆ, ಸಮುದ್ರಮಥನ ಕೆತ್ತಿದ್ದಾರೆ. ನಮ್ಮ ತಂಡವನ್ನು ಕರೆದುಕೊಂಡು ಬಂದಿದ್ದ ಬೆಳಗಾವಿಯ ಗೃಹಸ್ಥರು, ಮೊಣಕಾಲಿಗಿಂತ ಮೇಲಿನ ಚಡ್ಡಿ ಹಾಕಿಕೊಂಡು, ಬಲಕ್ಕೆ ತಿರುಗಿ ಹೊರಟರು. ಅತ್ತೆ ಗಕ್ಕನೆ ನಿಂತರು.

"ಹಿಂಗ ಹೋದ್ರ ಗುಡಿ ಎಡಕ್ಕ ಬರ್ತದಲ್ಲ?"

"ಇಲ್ಲಿ ಶಿಲ್ಪ ನೋಡೂದು ಹಿಂಗ ರೀ ಅಜ್ಜಿ. ಎಲ್ಲಾರೂ ಹಿಂಗ ಸುತ್ತತಾರ."

"ಎಲ್ಲಾರೂ ಸುತ್ತಲಿ. ನಾ ಅಪ್ರದಕ್ಷಿಣಿ ಹಾಕಾಕಿ ಅಲ್ಲ. ಮತ್ತ ನನಗ ಅಜ್ಜಿ ಅನಬ್ಯಾಡ್ರಿ."

ಎಡಕ್ಕೆ ತಿರುಗಿ ನಡೆದೇಬಿಟ್ಟರು. ಚೀಲ ಹೊತ್ತುಕೊಂಡು ನಾನೂ ಹಿಂದೆ ಓಡಿದೆ. ಲೋಕದ ಪ್ರವಾಸಿಗಳೆಲ್ಲ ಎದುರಿನಿಂದ ಬರುತ್ತಿದ್ದರು, ನಾವಿಬ್ಬರು ಮಾತ್ರ ಅವರನ್ನು ಸರಿಸಿಕೊಂಡು ಹೋಗುವವರು. ಅತ್ತೆ ಲಂಕೆಯ ಯುದ್ಧದಲ್ಲಿ ಹನುಮಪ್ಪನನ್ನು ಹುಡುಕಿ ತೆಗೆದು ಕೈ ಮುಗಿದರು. ಹಿಂಭಾಗಕ್ಕೆ ಬರುವಷ್ಟರಲ್ಲಿ ನಮ್ಮದೇ ತಂಡ ಎದುರಾಯಿತು. ಗೃಹಸ್ಥರು ಕೈಗಡಿಯಾರ ತೋರಿಸಿದರು. ಇನ್ನು ಸ್ವಲ್ಪ ಹೊತ್ತಿಗೆ ಮೇಲೆ ಬಿಡುವುದನ್ನು ನಿಲ್ಲಿಸುತ್ತಾರಂತೆ, ಅವರು ಈಗಲೇ ಹತ್ತುತ್ತಾರಂತೆ.

"ಅತ್ತೀ, ನಾವೂ ಈಗ ಹೋಗೋಣು ಬರ್ರಿ," ಅಂದೆ.

"ಅರ್ಧಾ ಸುತ್ತು ಹಾಕಿ ಬಿಡಲೇನು?"

"ಸುತ್ತೂದರಾಗ ಹತ್ತೂದು ತಪ್ಪತದ ರೀ!" ನನಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟು ದೂರ ಬಂದು, ಇಷ್ಟು ಜನರ ಮಾತು ಮೀರಿ, ಕೊನೆಗೆ ತಮ್ಮ ಹಟದಿಂದಲೇ ಕೆಳಗೆ ಉಳಿಯುತ್ತಾರಲ್ಲ ಅಂತ. ಅವರು ಕೇಳಿಸಿಕೊಳ್ಳಲಿಲ್ಲ. ಪ್ರದಕ್ಷಿಣೆ ಪೂರ್ತಿ ಮುಗಿಸಿಯೇ ಒಳಗೆ ಬಂದರು.

ಮೆಟ್ಟಿಲ ಬುಡದಲ್ಲಿ ನೋಡುತ್ತೇವೆ, ಗೃಹಸ್ಥರು ಕಲ್ಲಿನ ಮೇಲೆ ಒಬ್ಬರೇ ಕುಳಿತಿದ್ದಾರೆ!

"ಯಾಕ್ರೀ, ಹತ್ತಲಿಲ್ಲ?" ಅತ್ತೆ ಕೇಳಿದರು.

"ಚಡ್ಡಿ ಹಾಕ್ಕೊಂಡವರನ್ನ ಬಿಡಂಗಿಲ್ಲಂತ ರೀ. ನಾನೂ ಮೊದಲನೇ ಸಲಾನ ಬಂದೀನಿ."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಕಾವಲುಗಾರ ಹಗ್ಗ ಅಡ್ಡ ಕಟ್ಟುತ್ತಿದ್ದ. ಗಡಿಯಾರ ತೋರಿಸಿ ತಲೆಯಾಡಿಸಿದ. ಮುಗಿಯಿತು ಅಂದುಕೊಂಡೆ. ಅತ್ತೆ ಇಳಕಲ್ ಸೀರೆಯ ಸೆರಗು ಹೊದ್ದು, ತವರಿನ ಗುಡಿಯ ಮುಂದೆ ನಿಂತ ಹಾಗೇ ನಿಂತು, ಮೇಲಿನ ಗೋಪುರಕ್ಕೆ ಕೈ ಮುಗಿದರು. ಅವನಿಗೇನನ್ನಿಸಿತೋ. ತಾನೂ ಎರಡೂ ಕೈ ಜೋಡಿಸಿ ತಲೆ ಬಾಗಿಸಿ, ಹಗ್ಗ ಎತ್ತಿದ.

ಆ ಮೆಟ್ಟಿಲು ಮೆಟ್ಟಿಲಲ್ಲ, ಏಣಿ. ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿದರು. "ಸಂಡಿಗಿ ಒಣಗಸಾಕ ಮಾಳಿಗಿ ಹತ್ತಿದಾಕಿಗೆ ಇದೇನು," ಅಂದು ಎರಡೂ ಕಡೆಯ ಕಂಬಿ ಹಿಡಿದು, ಗಟ್ಟಿ ಕಾಲು ಮೊದಲು, ನೋಯುವ ಕಾಲು ಆಮೇಲೆ ಅದೇ ಮೆಟ್ಟಿಲಿಗೆ. ನಡುವೆ ಒಮ್ಮೆ ನಿಂತುಬಿಟ್ಟರು. ಉಸಿರು ಕೊಳಲಿನಂತೆ ಕೇಳುತ್ತಿತ್ತು. ನಾನು ಹಿಂದಿನಿಂದ ಅವರ ಬೆನ್ನಿಗೆ ಕೈ ಕೊಟ್ಟೆ.

"ಸಾಕು ಅತ್ತೀ, ಇಳೀರಿ."

"ಇಳಿಯೂದು ಆಮ್ಯಾಲ ಇದ್ದದ್ದ ಅದ," ಅಂದರು. ಮತ್ತೆ ಗಟ್ಟಿ ಕಾಲು ಎತ್ತಿದರು. ಹತ್ತಿದರು. ಹತ್ತಿಯೇಬಿಟ್ಟರು ನೋಡಿ! ಮೇಲಿದ್ದ ನಮ್ಮ ತಂಡದವರು ಚಪ್ಪಾಳೆ ತಟ್ಟಿದರು, ಗುರುತಿಲ್ಲದ ವಿದೇಶಿಗರೂ ತಟ್ಟಿದರು. ನಾನಂತೂ ಅತ್ತುಬಿಟ್ಟೆ.

ಅತ್ತೆಗೆ ಅದ್ಯಾವುದರ ಪರಿವೆಯೂ ಇಲ್ಲ. ನಡುಗೋಪುರದ ಕಡೆ ನೆಟ್ಟಗೆ ನಡೆದರು. ಬಾಗಿಲಿನ ಜಾಗದಲ್ಲಿ ಗೋಡೆ. ಗೋಡೆಗೆ ಬೆನ್ನು ಕೊಟ್ಟು ಕಲ್ಲಿನ ಬುದ್ಧ ನಿಂತಿದ್ದ. ಇನ್ನೊಂದು ಬದಿಗೆ ಹೋದರು, ಅಲ್ಲೂ ಹಾಗೇ. ನಾಲ್ಕೂ ದಿಕ್ಕು ಸುತ್ತಿದರು. ಹಿಂದೂ ಗುಡಿ ಬೌದ್ಧರದಾದ ಮೇಲೆ, ಎಂದೋ ಕಾಲದಲ್ಲಿ, ಗರ್ಭಗುಡಿಯನ್ನು ಮುಚ್ಚಿಬಿಟ್ಟಿದ್ದಾರೆ. ಇವರಿಗೆ ಏನಂತ ಹೇಳಲಿ?

"ಒಳಗ ಯಾರನ್ನೂ ಬಿಡಂಗಿಲ್ಲೇನು?"

"ಯಾರನ್ನೂ ಇಲ್ಲ ಅತ್ತೀ."

"ಪೂಜಾರಿನ್ನೂ?"

"ಪೂಜಾರಿನ್ನೂ ಇಲ್ಲ."

ಅತ್ತೆ ನನ್ನ ಮುಖ ನೋಡಿದರು, ಗೋಡೆ ನೋಡಿದರು, ಆಮೇಲೆ ಅಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. "ಹಂಗಾರ ಇಲ್ಲಿ ಎಲ್ಲಾರೂ ಹೊರಗಿನವರ! ನಾ ಗೆದ್ದೆ ಬಿಡು. ಅಣ್ಣಗ ಫೋನ್ ಹಚ್ಚು. ಮುಖಾ ಕಾಣೂದು ಹಚ್ಚು."

ಹೂಲಿಯ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅಣ್ಣ ತೆರೆಯ ಮೇಲೆ ಮೂಡಿದರು. "ಹತ್ತಿದ್ಯಾ?" ಅಂದರು, ನಂಬದವರಂತೆ.

"ಹತ್ತೀನಿ! ನೋಡಿಲ್ಲಿ. ಬುದ್ಧ ಆದ್ರೇನು, ಅವತಾರಾನ ಅಲ್ಲೇನು. ಇಲ್ಲಿ ಒಳಗ ಯಾರಿಗೂ ಪರವಾನಗಿ ಇಲ್ಲ. ನೀ ಬಂದಿದ್ರೂ ನನ್ನ ಜೋಡಿ ಇಲ್ಲೇ ನಿಂದರಬೇಕಾಗಿತ್ತು!"

ಅತ್ತೆಯ ಮುಖವೇ ತೆರೆ ತುಂಬಿತ್ತು. ಅಣ್ಣ ಕನ್ನಡಕ ಸರಿಮಾಡಿಕೊಂಡು, ಫೋನ್ ಹತ್ತಿರ ಹಿಡಿದು, ಕತ್ತು ಅತ್ತಿತ್ತ ಹೊರಳಿಸಿದರು.

"ತಂಗೀ, ಸ್ವಲ್ಪ ಬಾಜೂಕ ಸರಿ. ದೇವರು ಕಾಣವಲ್ದು."

ಅತ್ತೆಯ ಕಣ್ಣು ತುಂಬಿ ಬಂತು. ಆಮೇಲೆ ಅಣ್ಣನಿಗೆ ಬೆನ್ನು ಮಾಡಿ ದೇವರ ಕಡೆ ತಿರುಗಿ ನಿಂತರು.

"ತಡಿಯೋ," ಅಂದರು, "ಮೊದಲ ನಾ ಕಣ್ತುಂಬ ನೋಡ್ತೀನಿ."